ಎರಡು ಅಂಕಣ

ಪೀಕೊ ದ್ವೀಪದ ಸೂಲಗಿತ್ತಿ ಎರ್ಮೆಲಿಂಡಾ
ನಲವತ್ತೊಂದು ವರ್ಷ ಬರೆದಿಟ್ಟ ಲೆಕ್ಕ.
ಯಾರೋ ಪುಣ್ಯಾತ್ಮರು ಟೈಪು ಮಾಡಿಸಿ,
ಇನ್ಯಾರೋ ಸ್ಕ್ಯಾನು ಮಾಡಿ, ಸೊಟ್ಟಗೆ,
ಮೂವತ್ತನೇ ಪುಟದಲ್ಲಿ ತಮ್ಮ ಹೆಬ್ಬೆರಳನ್ನೂ ಸೇರಿಸಿ
ನನ್ನ ಮೇಜಿಗೆ ತಲುಪಿಸಿದ್ದಾರೆ.
ಪಿಡಿಎಫ್ ಅಂತೆ. ಕಲ್ಲಲ್ಲಿ ಕೊರೆದಿದ್ದರೂ
ಇದಕ್ಕಿಂತ ಸಲೀಸಾಗಿ ಅಲುಗುತ್ತಿತ್ತು.

ಕೇಳಿದವನು ಅಮಿಲ್ಕಾರ್. ಎಂಬತ್ತೆಂಟು.
ತಿಮಿಂಗಿಲ ಕಾಯುವ ಗುಡಿಸಲಲ್ಲಿ ಕೂತು
ದುರ್ಬೀನಿನಿಂದ ಕಡಲು ಸೋಸಿದ ಕಣ್ಣು;
ಈಗ ತಟ್ಟೆಯಲ್ಲಿರುವುದು ಮೀನೋ ಆಲೂಗಡ್ಡೆಯೋ
ಬೆರಳು ಹೇಳಬೇಕು.
ಮೊಮ್ಮಗಳು ಕೊಟ್ಟ ಸ್ಲೇಟಿನಂಥ ಯಂತ್ರದಲ್ಲಿ
ಅಕ್ಷರ ಹಿಗ್ಗಿಸಿ, ಹಿಗ್ಗಿಸಿ,
ತೆರೆಗೆ ಐದೇ ಪದ ಇಟ್ಟುಕೊಂಡು ಓದುತ್ತಾನೆ,
ಐದು ಹಣ್ಣು ಕೊಂಡವನು ಒಂದೊಂದನ್ನೂ ತಿರುಗಿಸಿ ನೋಡುವ ಹಾಗೆ.
"ದೆಯೊಲಿಂಡಾ, ಸೂಲಗಿತ್ತಿಯ ಪುಸ್ತಕ
ಇದರೊಳಗೆ ಹಾಕಿಕೊಡು. ನಾನು ಹೋಗೋದರೊಳಗೆ."

ಹಾಕುವುದೆಂದರೆ ಸುಮ್ಮನೆಯೇ?
ಸಾಲು ಸಾಲಿನ ತುದಿಗೂ ಒಂದು ಅಡ್ಡಗೀಟು,
ಪದ ಅರ್ಧಕ್ಕೆ ಮುರಿದು ಕೆಳಗೆ ಬಿದ್ದಿದೆ.
ಪುಟಸಂಖ್ಯೆ ವಾಕ್ಯದ ನಡುವೆ ಬಂದು
ಹೆರಿಗೆ ಕೋಣೆಗೆ ನುಗ್ಗಿದ ಗಂಡಸಿನಂತೆ ನಿಂತಿದೆ.
ಕಾಫಿ ಕಲೆಯನ್ನು ಅಲ್ಪವಿರಾಮ ಎಂದುಕೊಂಡಿದೆ ಯಂತ್ರ,
ನುಸಿ ಕೊರೆದ ತೂತನ್ನು ಸೊನ್ನೆ;
ಹಾಗಾಗಿ ಮೂರು ಕಿಲೋದ ಕೂಸು
ಮೂವತ್ತು ಕಿಲೋ ತೂಗುತ್ತದೆ. ಪಾಪ ಆ ತಾಯಿ.

ಮೂರು ರಾತ್ರಿ ಕಾಳಿನಲ್ಲಿ ಕಲ್ಲು ಆರಿಸಿದೆ.
ಆಮೇಲೆ ಕಂಡಿತು ನಿಜವಾದ ಕಿತಾಪತಿ.

ಆಕೆ ಪುಟವನ್ನು ಎರಡು ಅಂಕಣ ಮಾಡಿದ್ದಳು.
ಎಡಕ್ಕೆ ಹುಟ್ಟಿದವರು. ಬಲಕ್ಕೆ ಸತ್ತವರು.
ಊರಿನ ಹೆಣ ತೊಳೆಯುತ್ತಿದ್ದವಳೂ ಅವಳೇ ತಾನೆ.
ನಡುವೆ ತೆಳ್ಳಗೆ ಒಂದು ಗೆರೆ.
ಯಂತ್ರಕ್ಕೆ ಗೆರೆ ಕಾಣಲಿಲ್ಲ. ಅಡ್ಡಡ್ಡ ಓದಿತು:

ಮಂಗಳವಾರ ನಸುಕಿಗೆ, ಕಾಲು ಮುಂದಾಗಿ, ಜೋರಾಗಿ ಅತ್ತ
ದೋಣಿ ಮಗುಚಿ, ಹೆಗಲ ಮಚ್ಚೆಯಿಂದ ಗುರುತು ಹಿಡಿದದ್ದು
ಅವಳಿ, ಎರಡೂ ಹೆಣ್ಣು, ತಾಯಿಗೆ ಕೋಳಿಸಾರು
ಎದೆಯಲ್ಲಿ ಕಫ ಕಟ್ಟಿ, ದೀಪ ಆರಿಸಿದ ಮೇಲೆ

ಓದಿ ತುಸು ಹೊತ್ತು ಹಾಗೇ ಕೂತೆ.
ತಪ್ಪು ಅನ್ನಲು ಬಾಯಿ ಬರಲಿಲ್ಲ.

ಆದರೂ ಕೆಲಸ ಕೆಲಸವೇ. ಸಿಕ್ಕಾದ ಬಲೆಯನ್ನು
ಮೊಣಕಾಲ ನಡುವೆ ಇಟ್ಟುಕೊಂಡು ನಮ್ಮಪ್ಪ ಬಿಡಿಸುತ್ತಿದ್ದಂತೆ
ಬೈಯುತ್ತಾ ಬಿಡಿಸಿದೆ.
ಹುಟ್ಟೆಲ್ಲ ಒಂದು ಅಧ್ಯಾಯ, ಸಾವೆಲ್ಲ ಇನ್ನೊಂದು.
ವಿಷಯಸೂಚಿ ಒತ್ತಿದರೆ ನೇರ ಅಲ್ಲಿಗೇ.
ಅಚ್ಚುಕಟ್ಟು. ಹುಟ್ಟಿದ ಯಾರೂ
ಸತ್ತೇ ಇಲ್ಲವೇನೋ ಎಂಬಷ್ಟು.

ಶನಿವಾರ, ಸಂಜೆಯ ಹಡಗು ಬರುವ ಹೊತ್ತಿಗೆ
ಅಮಿಲ್ಕಾರನ ಅಡುಗೆಮನೆ.
ಅವನು ಹುಡುಕಿದ್ದು ತಮ್ಮನನ್ನು, ಟಿಬೂರ್ಸಿಯೊ ಎಂಬವನನ್ನು.
ಸಿಕ್ಕ. ಕಪ್ಪು ಕೂದಲು. ಸಣ್ಣ ಅಳು. ಮುಂದಿನ ತೆರೆ:
ಅಣ್ಣ ಬಾಗಿಲ ಸಂದಿಯಿಂದ ಇಣುಕಿ ನೋಡಿದ.
ಆ ಐದು ಪದದ ಮೇಲೆ ಕಾಫಿ ಆರಿತು.

ಮೂಲ ಪುಟದಲ್ಲಿ ಅದರ ಎದುರಿಗೇ,
ಗೆರೆ ದಾಟಿ ಬೆರಳಗಲ ಆಚೆ,
ಅವನ ಸಾವೂ ಇತ್ತು. ಮೂರು ದಿನದ ಮಗು.
ನಾನು ವಿಷಯಸೂಚಿ ತೋರಿಸಿದೆ:
ಇಲ್ಲಿ ಒತ್ತಿದರೆ ಸಾಕು, ನೇರ ಹೋಗಬಹುದು.
ಬೇಡ, ಅಂದ.

ಎಷ್ಟು ದೂರ? ಎಂದು ಕೇಳಿದ.
ತೆರೆಯ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗಿತ್ತು ಸಂಖ್ಯೆ;
ಅವನಿಗೆ ಕಾಣದು, ನಾನೇ ಓದಿದೆ.
ಅವನ ಅಕ್ಷರದ ಗಾತ್ರಕ್ಕೆ, ಇಲ್ಲಿಂದ ಅಲ್ಲಿಗೆ,
ನಾಲ್ಕು ಸಾವಿರದ ಚಿಲ್ಲರೆ ಪುಟ.

ನಾಲ್ಕು ಸಾವಿರ! ಎಂದ,
ದೂರದ ನೀರಿನಲ್ಲಿ ಉಸಿರ ಚಿಲುಮೆ ಕಂಡವನ ದನಿಯಲ್ಲಿ.
ನಡುವೆ ಊರಿನವರೆಲ್ಲ ಹುಟ್ಟಬೇಕು,
ಒಬ್ಬೊಬ್ಬರ ತೂಕ, ಒಬ್ಬೊಬ್ಬರ ಅಳು.
ಬೆರಳು ಮಡಚಿ ಲೆಕ್ಕ ಹಾಕಿದ:
ದಿನಕ್ಕೆ ಇಪ್ಪತ್ತು.
ಭಾನುವಾರ ಓದುವುದಿಲ್ಲ.