ಬೆನ್ನು

ಮೂವತ್ತೊಂದು ವರ್ಷ ಬಟ್ಟಲಿನ ಅಂಚಿಗೆ ಚಿನ್ನ ಎಳೆದವಳು ನಾನು,
ಬರ್ಸ್ಲೆಮ್ಮಿನ ಪಿಂಗಾಣಿ ಕಾರ್ಖಾನೆ, ಮೂರನೇ ಬೆಂಚು, ಕಿಟಕಿ ಪಕ್ಕ.
ಅಲ್ಲಿ ಬಟ್ಟಲು ತಿರುಗುತ್ತಿತ್ತು, ಕೈ ನಿಂತಿರುತ್ತಿತ್ತು.
ಇಲ್ಲಿ ಕುಳ್ಳ ನಿಂತಿದ್ದಾನೆ, ಕೈ ತಿರುಗಬೇಕು.
ಎಪ್ಪತ್ತಾರರ ಕೈ, ಮನಸ್ಸಾದಾಗ ತಿರುಗುತ್ತದೆ.

ತಂಗಿಯ ಮೊಮ್ಮಗ ಡೆಕ್ಲನ್ ತಂದಿಟ್ಟ ಬಿಸ್ಕತ್ತಿನ ಡಬ್ಬಿಯಲ್ಲಿ
ನಲವತ್ತು ಮಂದಿ, ತಣ್ಣಗಿನ ಒಲೆಯಲ್ಲಿ ಮಲಗೆದ್ದ ಬೆಕ್ಕಿನ ಬಣ್ಣ.
ಒಬ್ಬೊಬ್ಬನೂ ಹೆಬ್ಬೆರಳಿನ ಅರ್ಧ,
ಅದರಲ್ಲಿ ಮುಕ್ಕಾಲು ಗಡ್ಡ, ಉಳಿದದ್ದು ಕೊಡಲಿ.
"ಈನಿಡಜ್ಜೀ, ಹದಿನಾಲ್ಕನೇ ತಾರೀಕು ಪಂದ್ಯ.
ಬಣ್ಣ ಇಲ್ಲದವರನ್ನ ಮೇಜಿಗೆ ಬಿಡೋದಿಲ್ಲ."
ನಮ್ಮ ಮೇಸ್ತ್ರಿಯೂ ಹೀಗೇ ಹೇಳುತ್ತಿದ್ದಳು,
ಇಷ್ಟು ಮೆತ್ತಗೆ ಅಲ್ಲ.

ಬಿರಡೆಗೆ ಅಂಟಿಸಿ ಹಿಡಿದೆ. ಬಣ್ಣ ನೀರುಹಾಲಿನ ಹದಕ್ಕೆ,
ಒಂದು ಕೈ ಒಣಗಿ ಇನ್ನೊಂದು ಕೈ.
ಕುಂಚದ ಮೊನೆ ತಾನಾಗಿ ನಾಲಿಗೆಗೆ ಹೋಗುತ್ತದೆ,
ಸೀಸದ ಕಾಲದ ಚಾಳಿ. ಬಯ್ಯಬೇಡಿ,
ಸಾಯುವುದಿದ್ದರೆ ಆಗಲೇ ಸಾಯುತ್ತಿದ್ದೆ.

ಗಡ್ಡದ ಮೇಲೆ ಕಂದು ನೀರು ಬಿಟ್ಟರೆ
ತಗ್ಗು ಹುಡುಕಿಕೊಂಡು ಇಳಿಯುತ್ತದೆ, ಬೀದಿಯ ಸುದ್ದಿಯ ಹಾಗೆ.
ಮೇಲೊಮ್ಮೆ ಒಣ ಕುಂಚ ಆಡಿಸಿದರೆ
ಇಪ್ಪತ್ತರವನಿಗೆ ಅರವತ್ತಾಗುತ್ತದೆ, ಒಂದೇ ನಿಮಿಷ.
ನನಗೆ ಸ್ವಲ್ಪ ಹೆಚ್ಚು ಹಿಡಿಯಿತು.

ಕಣ್ಣು ಕೊನೆಗೆ.
ಉಸಿರು ಬಿಟ್ಟು, ಮತ್ತೆ ಎಳೆಯುವ ಮೊದಲಿನ ಬಿಡುವಿನಲ್ಲಿ
ಸಾಸಿವೆಯ ಕಾಲುಭಾಗ ಬಿಳಿ, ಅದರೊಳಗೆ ಒಂದು ಕಪ್ಪು.
ಒಬ್ಬನಿಗೆ ಮೆಳ್ಳೆಗಣ್ಣಾಯಿತು. ಅಳಿಸಲಿಲ್ಲ,
ಥೇಟ್ ನಮ್ಮ ಕಟುಕನ ಹಾಗೆ ಕಾಣುತ್ತಿದ್ದ.
ಕೊಡಲಿಗೆ ಚಿನ್ನದ ಅಂಚು. ಈ ಚಿನ್ನ ಬೇರೆ.
ಅಲ್ಲಿ ಹಚ್ಚುವಾಗ ಕಾಕಂಬಿಯಂಥ ಕಂದು,
ಭಟ್ಟಿಯಿಂದ ಹೊರಬಂದಮೇಲೆ ಹೊಳಪು,
ನಡುವೆ ಒಂದು ರಾತ್ರಿ ನಂಬಿಕೊಂಡಿರಬೇಕು.
ಇದು ಹಚ್ಚಿದ ಕೂಡಲೇ ಚಿನ್ನ. ನನಗಿನ್ನೂ ಅನುಮಾನ.

ಬೆನ್ನಿಗೆ ಒಂದೇ ಬಳಿತ, ಸೀದಾ ನೀಲಿ.
ಬಟ್ಟಲಿನ ತಳ ಯಾರು ನೋಡುತ್ತಾರೆ?
ಅಲ್ಲಿ ಇರುತ್ತಿದ್ದದ್ದು ನನ್ನ ಗುರುತು, ಮೂರು ಚುಕ್ಕೆ,
ತಪ್ಪಾದರೆ ಯಾರ ಕೂಲಿಯಲ್ಲಿ ಮುರಿಯಬೇಕೆಂದು ತಿಳಿಯಲು.

ಹದಿನಾಲ್ಕಕ್ಕೆ ನಾನೂ ಹೋದೆ, ಮೆಥಡಿಸ್ಟರ ಹಾಲಿಗೆ.
ಹಸಿರು ಬಟ್ಟೆಯ ಮೇಜು, ಥರ್ಮೊಕೋಲಿನ ಗುಡ್ಡ, ಅಳೆಯಲು ಟೇಪು.
ಆಚೆ ಬದಿ ಬಸ್ ಓಡಿಸುವ ಶಾನವಾಜ್,
ಅವನ ಮುಂದೆ ಕೋರೆಹಲ್ಲಿನ ಹಸಿರು ಸಂತೆ.
ಬಗ್ಗಿ ನೋಡಿ, "ಏನಮ್ಮಾ ಈ ಮುಖಗಳು,
ಹೊಡೆಯೋಕೇ ಮನಸ್ಸು ಬರಲ್ಲ" ಅಂದ.
ದಾಳ ಕುಲುಕಿ ಏಳು ಜನರನ್ನು ಹೊಡೆದ.
ಮೆಳ್ಳೆಗಣ್ಣಿನವನೇ ಮೊದಲು. ಡಬ್ಬಿಯಲ್ಲಿ ಮಲಗಿಸಿದರು.

ಕಾಲು ನೋವೆಂದು ಡೆಕ್ಲನ್ನನ ಹಿಂದಿನ ಕುರ್ಚಿಗೆ ಬಂದೆ,
ಆಗ ಕಂಡಿತು.
ನಾನು ಬರೆದ ಕಣ್ಣೆಲ್ಲ ವೈರಿಯ ಪಾಲು.
ಹುಡುಗನಿಗೆ ಸಿಕ್ಕಿದ್ದು, ಮೂರು ತಾಸು,
ಮೂವತ್ತಮೂರು ನೀಲಿ ಬೆನ್ನು.

ಬೆನ್ನು ತೋರಿಸಿದ ಎಂದರೆ ಓಡಿಹೋದ ಎನ್ನುತ್ತೇವೆ.
ಓಡದೆ ನಿಂತವನೂ ತೋರಿಸುತ್ತಾನಲ್ಲ,
ಯಾರಿಗಾಗಿ ನಿಂತನೋ ಅವರಿಗೆ.
ಎರಡನೇ ಬೆಂಚಿನ ಹಿಲ್ಡಾ, ಸರಿಯಾಗಿ ನನ್ನ ಮುಂದೆ,
ಹತ್ತೊಂಬತ್ತು ವರ್ಷ.
ಮುಖ ಕೇಳಿದರೆ ಈಗ ಮಸುಕು.
ಏಪ್ರನ್ನಿನ ಗಂಟು ಇದೆ, ಸದಾ ಎಡಕ್ಕೆ ಜಾರಿದ್ದು.

ಸೋತ. ವಾಪಸು ಬರುವಾಗ ಡಬ್ಬಿ ನನ್ನ ತೊಡೆಯ ಮೇಲೆ.
ರಾತ್ರಿ ದೀಪ ಹತ್ತಿರ ಎಳೆದು
ಒಬ್ಬೊಬ್ಬನನ್ನೇ ತಿರುಗಿಸಿ ಹಿಡಿದೆ:
ಇವನ ಮೇಲಂಗಿಗೆ ಒಂದು ತೇಪೆ,
ಇವನಿಗೆ ಮಸಿ ಒರೆಸಿಕೊಂಡ ಐದು ಬೆರಳು,
ಇವನ ಹೊಲಿಗೆ ಬಿಟ್ಟಿದೆ, ಹೆಂಡತಿಗೆ ಪುರುಸೊತ್ತಿಲ್ಲ.
ಮೆಳ್ಳೆಗಣ್ಣಿನವನಿಗೆ ಒಂದು ಗಂಟು, ಎಡಕ್ಕೆ.

ಡೆಕ್ಲನ್ ನಾಳಿದ್ದು ಬರುತ್ತಾನೆ. ಹೇಳುವುದಿಲ್ಲ.
ಮುಂದಿನ ಸಲ ಸೋಲುವಾಗ
ನೋಡಿಕೊಳ್ಳಲಿ.