ಪಡುಗೋಡೆ

ಮಳೆ ಬಡಿಯುವುದು ಬಡಗಣ ಗೋಡೆಗೆ.
ಅಲ್ಲಿ ಸಂತರೆಲ್ಲ ತೊಳೆದುಹೋಗಿ
ಬರೀ ಸುಣ್ಣ, ಅಲ್ಲೊಂದು ಇಲ್ಲೊಂದು ಪಾದ.
ಪಡುಗೋಡೆಗೆ ಮಾತ್ರ ಏನೂ ಆಗಿಲ್ಲ.
ಐನೂರು ವರ್ಷದ ಕಡೆಯ ತೀರ್ಪು
ನಿನ್ನೆ ಬರೆದಷ್ಟು ಹಸಿ.

ನಾನು ಸಂಬಳಕ್ಕೆ ನರಕ ಒರೆಸುವವಳು.
ಬುಕೊವಿನಾದ ಈ ಹಳ್ಳಿಗೆ, ಅಜ್ಜನ ಹಳ್ಳಿಗೇ,
ಇಲಾಖೆ ಕಳಿಸಿದೆ. ಮೂರು ತಿಂಗಳ ಗುತ್ತಿಗೆ,
ಅಟ್ಟಣಿಗೆ, ಹತ್ತಿಯುಂಡೆ, ಬಟ್ಟಿ ಇಳಿಸಿದ ನೀರು.
ದೇವದೂತನ ತಕ್ಕಡಿಯಿಂದ ಶುರು ಮಾಡಿ
ಅಂಗುಲ ಅಂಗುಲ ಕೆಳಗಿಳಿದು
ಕಾಲೂರಿದ್ದೇನೆ ಈಗ ಬೆಂಕಿಯ ಹೊಳೆಯಲ್ಲಿ.

ಪಾಪಿಗಳಿಗಿಂತ ಇಲ್ಲಿ ಹೆಸರುಗಳೇ ಹೆಚ್ಚು.
ಮೊಳೆಯಲ್ಲಿ, ಚಾಕುವಿನಲ್ಲಿ, ಗಾಜಿನ ಚೂರಿನಲ್ಲಿ
ಊರವರು ಊರವರನ್ನೇ ಗೀಚಿದ್ದಾರೆ ಬೆಂಕಿಗೆ:
ಹಾಲಿಗೆ ನೀರು ಬೆರೆಸಿದವನು,
ಗಡಿಗಲ್ಲು ಸರಿಸಿದವನು,
ಒಂದು ಕಡೆ ಬರೀ 'ನನ್ನ ಅತ್ತೆ', ನೂರು ವರ್ಷ ಹಳೆಯದು.
ನಗುತ್ತ ಒರೆಸುತ್ತಿದ್ದೆ. ಹತ್ತಿ ನಿಂತಿತು.
ವಾರ್ತೊಲೊಮೆ.
ಮನೆತನದ ಹೆಸರೂ ಇದೆ. ನನ್ನದೇ.

ಅಜ್ಜ.
ಆಕ್ರೋಟು ಒಡೆದು ತಿರುಳೆಲ್ಲ ನನ್ನ ಕೈಗಿಟ್ಟು
ಕಹಿ ಪೊರೆ ತಾನೇ ಜಗಿಯುತ್ತಿದ್ದವನು.
'ಗೋಡೆಗೂ ಕಿವಿಯಿದೆ ಮಗೂ'
ಅನ್ನುತ್ತಿದ್ದ, ಮೆಲ್ಲಗೆ.
ಆ ಕಿವಿ ಅವನದೇ ಆಗಿತ್ತೆಂದು
ನನಗೆ ಹೇಳಿದ್ದು ಗೋಡೆ.

ಯಾರನ್ನೂ ಕೇಳಬೇಕಾಗಲಿಲ್ಲ.
ಗ್ಲಿಕೇರಿಯಾ ಬಂದಳು, ಕಣ್ಣಿಗೆ ಪೊರೆ ಬಂದವಳು,
ಅಟ್ಟಣಿಗೆಯ ಕಂಬ ತಡವಿ ಹಿಡಿದು ನಿಂತಳು.
'ಗೀಚಿದವಳು ನಾನು.
ಹತ್ತೊಂಬತ್ತು ವರ್ಷ ಆಗ, ಕೈಯಲ್ಲಿ ಲಾಳದ ಮೊಳೆ.
ಅಣ್ಣ ಗವ್ರಿಲ್ ಕಾಡಿನಲ್ಲಿ ಅಡಗಿದ್ದವರಿಗೆ
ಎರಡು ರೊಟ್ಟಿ ಕೊಟ್ಟಿದ್ದ.
ಎರಡೇ. ನಿಮ್ಮಜ್ಜ ಎಣಿಸಿದ್ದ.
ಕಾಲುವೆ ತೋಡಲು ಒಯ್ದರು.
ಮರಳಿ ಬಂದದ್ದು ಒಂದು ಜೊತೆ ಬೂಟು,
ಅದೂ ಅವನದ್ದಲ್ಲ.'

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಅಂದೆ,
ಬೇರೇನೂ ತೋಚದೆ.
'ಆ ಹೊಳೆಯಲ್ಲಿ ನೀರೆಲ್ಲಿದೆ ಮಗಳೇ?'

ಮತ್ತೆ ತಡೆದು ಹೇಳಿದಳು:
ಅಜ್ಜ ತೀರಿಕೊಂಡ ವರ್ಷ,
ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರ,
ಎಲ್ಲರೂ ಎಲ್ಲರಿಗೂ ಬಾಗಿ ಕ್ಷಮೆ ಕೇಳುವ ಸಂಜೆ,
ಅವನು ಅವಳೆದುರು ನಿಂತ. ಬಾಗಿದ.
ಬೆನ್ನು ನೇರವಾಗಲು ಬಹಳ ಹೊತ್ತು ಹಿಡಿಯಿತಂತೆ.
'ದೇವರು ಕ್ಷಮಿಸಲಿ' ಅಂದಳು. ಅದು ವಾಡಿಕೆ.
'ನಾನೂ' ಅನ್ನುವುದು ಅದರ ಹಿಂದೆಯೇ ಬರಬೇಕಾದ ಮಾತು.
ಅದನ್ನು ನುಂಗಿದಳು.
'ಸುಡುವ ಆಲೂಗಡ್ಡೆ ನುಂಗಿದ ಹಾಗೆ.
ಇನ್ನೂ ಇಲ್ಲೇ ಇದೆ' ಎಂದು
ಎದೆಗೂಡಿನ ಕೆಳಗೆ ಬೆರಳಿಟ್ಟು ತೋರಿಸಿದಳು.
'ಅವನ ಹೆಸರು ಅಳಿಸಿಬಿಡು.'

ನಮ್ಮ ಕಸುಬಿನಲ್ಲಿ ಅಳಿಸುವ ಹಾಗಿಲ್ಲ,
ಹೊಸದಾಗಿ ಬರೆಯುವ ಹಾಗೂ ಇಲ್ಲ.
ಗಾಯಕ್ಕೆ ಸುಣ್ಣದ ಗಾರೆ ತುಂಬಬಹುದು.
ಅದರ ಮೇಲೆ ಕೂದಲೆಳೆಯಂಥ ಗೆರೆ,
ಪಕ್ಕಕ್ಕೊಂದು, ಪಕ್ಕಕ್ಕೊಂದು,
ಕೆಂಪು, ಕಾವಿ, ಮತ್ತೆ ಕೆಂಪು.
ಹತ್ತು ಹೆಜ್ಜೆ ದೂರದಿಂದ ಬರೀ ಬೆಂಕಿ.
ಮೂಗು ತಾಕುವಷ್ಟು ಹತ್ತಿರ ಬಂದರೆ ಮಾತ್ರ
ಇಲ್ಲೇನೋ ಆಗಿತ್ತೆಂದು ಗೊತ್ತಾಗುತ್ತದೆ.

ಕರ್ತನೇ, ನೀನೆಲ್ಲಿ ನಿಂತು ನೋಡುತ್ತೀ?
ದೂರದಲ್ಲಿ ಅಂದರೆ ನನಗೆ ನಂಬಿಕೆಯಿಲ್ಲ.
ಹತ್ತಿರವೆಂದರೆ ಭಯ.

ನಾಲ್ಕು ದಿನ ಹಿಡಿಯಿತು ಅಜ್ಜನಿಗೆ.
ಅವಳು ಬಂದು ಸವರಿ ನೋಡಿದಳು. ನುಣುಪು.
'ಹೋಯಿತೇ?'
'ಇಲ್ಲ ಅಜ್ಜಿ, ಇದೆ.'
'ಇರಲಿ' ಅಂದಳು. ಬೆರಳಿಗಂಟಿದ ಕೆಂಪನ್ನು
ಉಡಿಬಟ್ಟೆಗೆ ಒರೆಸಿಕೊಂಡು
ಹಸು ಕರೆಯುವ ಹೊತ್ತಾಯಿತೆಂದು ಹೊರಟುಹೋದಳು.

ಇವತ್ತು ಆ ಹೆಸರಿಗಿಂತ ಒಂದು ಗೇಣು ಕೆಳಗೆ
ಮಸಿ ಒರೆಸುವಾಗ ಇನ್ನೊಂದು ಗೀರು ಎದ್ದಿತು.
ಅದೇ ಕೈ, ಅದೇ ಮೊಳೆ,
ಆದರೆ ಅಕ್ಷರ ನಡುಗಿದೆ, ವಯಸ್ಸಾದವರದ್ದು.
ಹೆಸರಿಲ್ಲ. ಒಂದೇ ಮಾತು:
ನಾನೂ.

ಬೆಂಕಿಯಲ್ಲಿ ನಾನೂ ಎಂದೋ,
ಅಂದು ನುಂಗಿದ್ದನ್ನು
ಕಡೆಗೂ ಇಲ್ಲಿ ಬಂದು ಉಗುಳಿದ್ದೋ.
ತುಂಬಲೇ? ಬಿಡಲೇ?
ಬಟ್ಟಲಲ್ಲಿ ಗಾರೆ ಬಿಗಿಯುತ್ತಿದೆ.