ಮೂವತ್ನಾಲ್ಕು ಜನ

ಬಿಸಿಲು ಬೆನ್ನಿಗಿರಲಿ ಅಂದೆ.
ಎಲ್ಲರೂ ತಿರುಗಿ ನನಗೇ ಬೆನ್ನು ಮಾಡಿ ನಿಂತರು.
ನಾನೇ ಟ್ರೈಪಾಡ್ ಹೊತ್ತು ಆಚೆ ಬದಿಗೆ ಹೋದೆ.

ಸೋಂಗ್ ಕೋಲ್ ಸರೋವರದ ದಂಡೆ, ಕಿರ್ಗಿಜ್ ಹುಲ್ಲುಗಾವಲು,
ಸಾಯ್ರಾಗುಲ್ ಅಜ್ಜಿಗೆ ಎಂಬತ್ತು ತುಂಬಿದ ದಿನ.
ಉಣ್ಣೆಯ ಗುಡಾರದಿಂದ ಕುರ್ಚಿ ಬಂತು,
ಕುರ್ಚಿಯ ಮೇಲೆ ದಿಂಬು, ದಿಂಬಿನ ಮೇಲೆ ಅಜ್ಜಿ,
ಅಜ್ಜಿಯ ಮೇಲೆ ಎರಡು ಮರಿಮಕ್ಕಳು.

ಉದ್ದದವರು ಹಿಂದೆ. ಬಸುರಿ ಪಕ್ಕಕ್ಕೆ.
ಕುರಿ ಪಾಲಿನಲ್ಲಿ ಮುನಿಸಿಕೊಂಡ ಅಣ್ಣತಮ್ಮಂದಿರ ನಡುವೆ
ಒಬ್ಬ ದಪ್ಪ ಅಳಿಯ.
ಮಕ್ಕಳದ್ದು ಮಾತ್ರ ಕಪ್ಪೆ ತೂಗುವ ಕೆಲಸ:
ಒಂದನ್ನು ಕೂರಿಸಿದರೆ ಇನ್ನೊಂದು ಎದ್ದಿತು,
ಒಂದರ ಬಾಯಿತುಂಬ ಕರಿದ ಬೋರ್ಸೋಕ್,
ಒಂದರ ಬೂಟು ನೀರಿನಲ್ಲಿ.

ಎಲ್ಲರೂ ಕಣ್ಣು ಮುಚ್ಚಿ, ಮೂರು ಅಂದಾಗ ಬಿಡಿ.
ಒಂದು.
ಎರಡು.
ಎಲ್ದಿಯಾರ್ ಎದ್ದು ಓಡಿದ
ಕುದುರೆಮರಿಯ ಹಿಂದೆ, ಜಾರುವ ಚಡ್ಡಿ ಹಿಡಿದು.

ಮೂವತ್ತೆರಡು ತಲೆ ಅತ್ತ ತಿರುಗಿದವು.
ಮುನಿದವರಿಬ್ಬರೂ ಒಂದೇ ಉಸಿರಿಗೆ
ಅವನ ಹೆಸರು ಕೂಗಿದರು.
ನನ್ನ ಬೆರಳು ಆಗಲೇ ಒತ್ತಿಬಿಟ್ಟಿತ್ತು.

ಚಿತ್ರದ ನಡುವೆ, ಬಿಳಿ ತಲೆವಸ್ತ್ರ ನೆಟ್ಟಗೆ,
ಅಜ್ಜಿ ಒಬ್ಬಳೇ ಕಣ್ಣು ಮುಚ್ಚಿದ್ದಾಳೆ,
ನಾನು ಹೇಳದೆ ಬಿಟ್ಟ ಮೂರಕ್ಕೆ ಕಾಯುತ್ತ.